ತೈಲಬಾವಿ ಕೊರೆತದ ದ್ರವಕ್ಕೆ ನಮ್ಮ ಖನಿಜಗಳು: ಹಣ ಹೂಡುವ ಮುನ್ನ ಒಂದು ಲೆಕ್ಕಾಚಾರ

ದೇವದುರ್ಗದ ಉದ್ಯಮಿಯೊಬ್ಬರು ಕಳೆದ ವರ್ಷ ನಮ್ಮ ಕಚೇರಿಗೆ ಬಂದು, ಖನಿಜ ಪುಡಿಮಾಡುವ ಘಟಕಕ್ಕೆ ಬ್ಯಾಂಕ್ ಸಾಲದ ಯೋಜನಾ ವರದಿ ಸಿದ್ಧಪಡಿಸಿಕೊಡುವಂತೆ ಕೇಳಿದರು. ತಮ್ಮ ಸೀಮೆಯ ಎರೆಮಣ್ಣನ್ನೂ ಫೆಲ್ಡ್‌ಸ್ಪಾರ್ ಪುಡಿಯನ್ನೂ ತೈಲಬಾವಿ ಕೊರೆಯುವ ಕಂಪನಿಗಳಿಗೆ ಮಾರಬಹುದೆಂಬುದು ಅವರ ಎಣಿಕೆ. ಯಂತ್ರಗಳ ಕೊಟೇಶನ್ ಇತ್ತು, ಜಮೀನಿನ ಪಹಣಿ ಇತ್ತು. ಖನಿಜದ ಪರೀಕ್ಷಾ ವರದಿಯೊಂದೇ ಇರಲಿಲ್ಲ. ಮಾನ್ವಿ ಮತ್ತು ರಾಯಚೂರು ನಗರದ ಕೆಲವರೂ ಇದೇ ವಿಷಯ ವಿಚಾರಿಸಿದ್ದರಿಂದ ಸದಸ್ಯರ ಅವಗಾಹನೆಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹೊಲಗಳಲ್ಲಿ ಬೋರ್‌ವೆಲ್ ಕೊರೆಯುವಾಗ ಕಲ್ಲಿನ ಪುಡಿಯನ್ನು ಗಾಳಿಯ ಒತ್ತಡದಿಂದ ಮೇಲಕ್ಕೆ ಹಾರಿಸುತ್ತಾರೆ. ಸಾವಿರಾರು ಮೀಟರ್ ಆಳದ ತೈಲಬಾವಿಯಲ್ಲಿ ಆ ಕೆಲಸವನ್ನು ಸಾಮಾನ್ಯವಾಗಿ ಒಂದು ದ್ರವ ಮಾಡುತ್ತದೆ. ಪುಡಿಯನ್ನು ಮೇಲೆತ್ತುವುದಲ್ಲದೆ, ಭೂಗರ್ಭದ ಅನಿಲ ಮತ್ತು ತೈಲದ ಒತ್ತಡವನ್ನು ತನ್ನ ತೂಕದಿಂದ ತಡೆಯುವುದೂ, ಬಾವಿಯ ಗೋಡೆಗೆ ತೆಳುವಾದ ಲೇಪವಾಗಿ ನಿಲ್ಲುವುದೂ ಅದರ ಹೊಣೆ. ತೂಕಕ್ಕೆ ಬೆರೈಟ್, ಮಂದತೆ ಮತ್ತು ಲೇಪಕ್ಕೆ ಬೆಂಟೊನೈಟ್ ಬೇಕು. ಇವುಗಳಿಗೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ 13ಎ ಎಂಬ ಮಾನಕ ಪ್ರಪಂಚದಾದ್ಯಂತ ಬಳಕೆಯಲ್ಲಿದೆ.

ಮೊದಲು ತೂಕದ ಲೆಕ್ಕ. ಬೆರೈಟಿನ ಸಾಪೇಕ್ಷ ಸಾಂದ್ರತೆ 4.20 ಇರಬೇಕು, 4.10ರ ದರ್ಜೆಯನ್ನೂ ನಂತರ ಸೇರಿಸಲಾಗಿದೆ. ನಮ್ಮ ಫೆಲ್ಡ್‌ಸ್ಪಾರ್, ಬೆಣಚುಕಲ್ಲು, ಗ್ರಾನೈಟ್ ಪುಡಿಗಳದ್ದು ಸುಮಾರು 2.65. 1.10 ಸಾಂದ್ರತೆಯ 1,000 ಲೀಟರ್ ದ್ರವವನ್ನು 1.50ಕ್ಕೆ ಏರಿಸಬೇಕೆಂದಿಟ್ಟುಕೊಳ್ಳಿ. ಬೆರೈಟ್ ಆದರೆ 622 ಕಿಲೋ ಸಾಕು, ಅದು 148 ಲೀಟರ್ ಜಾಗ ಹಿಡಿಯುತ್ತದೆ. ನಮ್ಮ ಕಲ್ಲಿನ ಪುಡಿ 922 ಕಿಲೋ ಬೇಕು, ಹಿಡಿಯುವ ಜಾಗ 348 ಲೀಟರ್. ಒಟ್ಟು ದ್ರವದ ಕಾಲುಭಾಗಕ್ಕಿಂತ ಹೆಚ್ಚು ಕಲ್ಲೇ ಆದರೆ ಪಂಪು ಅದನ್ನು ತಳ್ಳುವುದು ಹೇಗೆ? ಅದೂ ಬೆಣಚುಕಲ್ಲಿನ ಗಡಸುತನ 7, ಬೆರೈಟಿನದು 3ರ ಆಸುಪಾಸು. ಪಂಪಿನ ಒಳಭಾಗವನ್ನು ಅದು ಸವೆಸಿಬಿಡುತ್ತದೆ. ಆದುದರಿಂದ ಅರ್ಧ ಬೆಲೆಗೆ ಕೊಟ್ಟರೂ ಕೊಳ್ಳುವವರಿಲ್ಲ.

ಬೆರೈಟ್ ದೊರೆಯುವುದು ಕಡಪ ಸೀಮೆಯ ಮಂಗಂಪೇಟೆಯಲ್ಲಿ. ಕರ್ನಾಟಕದಲ್ಲಿ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಬೆರೈಟ್ ಪದರಗಳು ಭೂವಿಜ್ಞಾನಿಗಳಿಗೆ ಪರಿಚಿತವೇ ಹೊರತು, ಮಂಗಂಪೇಟೆಗೆ ಸಾಟಿಯಲ್ಲ. ಮುಂಬೈ–ಚೆನ್ನೈ ರೈಲುಮಾರ್ಗ ರಾಯಚೂರಿನಿಂದ ಆ ಸೀಮೆಗೇ ಹೋಗುತ್ತದೆ ನಿಜ. ಆದರೆ ಗಣಿಯ ಬಾಗಿಲಲ್ಲೇ ಪುಡಿಮಾಡುವವರಿರುವಾಗ ಕಲ್ಲನ್ನು ಇಲ್ಲಿಗೆ ತಂದು ಪುಡಿಮಾಡಿದರೆ ಸಾಗಣೆ ವೆಚ್ಚವೇ ಲಾಭವನ್ನು ನುಂಗುತ್ತದೆ.

ಎರೆಮಣ್ಣಿನ ಪ್ರಶ್ನೆ ಇಷ್ಟು ಸುಲಭವಲ್ಲ. ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವ ಗುಣ ಅದಕ್ಕೆ ಬಂದಿರುವುದು ಬೆಂಟೊನೈಟಿನ ಮುಖ್ಯ ಅಂಶವಾದ ಮಾಂಟ್‌ಮೊರಿಲೊನೈಟ್ ಜಾತಿಯ ಜೇಡಿಯಿಂದಲೇ. ಆದುದರಿಂದ ನಮ್ಮ ಮಿತ್ರರ ಎಣಿಕೆ ಆಧಾರವಿಲ್ಲದ್ದಲ್ಲ. ಆದರೆ ಎರೆಮಣ್ಣಿನಲ್ಲಿ ಮರಳು, ಸುಣ್ಣದ ಹರಳು ಬೆರೆತಿರುತ್ತವೆ. ಜೇಡಿಯೂ ಬಹುಮಟ್ಟಿಗೆ ಕ್ಯಾಲ್ಸಿಯಂ ಬಗೆಯದು. ಕೊರೆತಕ್ಕೆ ಹೆಸರಾದುದು ಚೆನ್ನಾಗಿ ಉಬ್ಬುವ ಸೋಡಿಯಂ ಬಗೆ; ನಮ್ಮ ದೇಶದಲ್ಲಿ ಕಚ್ಛ್ ಮತ್ತು ಬಾಡಮೇರ್ ಬೆಂಟೊನೈಟಿಗೆ ಪ್ರಸಿದ್ಧ. ಮಾನಕದ ಪ್ರಕಾರ 350 ಮಿಲಿಲೀಟರ್ ನೀರಿಗೆ 22.5 ಗ್ರಾಂ ಬೆರೆಸಿ ನೆನೆಸಿದರೆ, ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ ಸ್ನಿಗ್ಧತಾಮಾಪಕ ಕನಿಷ್ಠ 30 ತೋರಿಸಬೇಕು. ಸೋಸಿ ಹೊರಬರುವ ನೀರು 15 ಮಿಲಿಲೀಟರ್ ಮೀರಬಾರದು. 75 ಮೈಕ್ರಾನಿಗಿಂತ ದಪ್ಪ ಕಣಗಳು ಶೇ. 4ರೊಳಗಿರಬೇಕು. ಸೋಡಾ ಬೂದಿ ಬೆರೆಸಿ ಕ್ಯಾಲ್ಸಿಯಂ ಜೇಡಿಯನ್ನು ಸುಧಾರಿಸುವ ಕ್ರಮವುಂಟು, ಆದರೆ ಮರಳನ್ನು ತೊಳೆದು ತೆಗೆಯುವ ಖರ್ಚನ್ನು ಸೋಡಾ ಉಳಿಸದು. ನಮ್ಮ ಕಕ್ಷಿದಾರರು ಕೊನೆಗೆ ಮಾದರಿ ಕಳುಹಿಸಿದರು. ಮಾಪಕದ ಮುಳ್ಳು 30ರ ಅರ್ಧವನ್ನೂ ಮುಟ್ಟಲಿಲ್ಲ. ಪರೀಕ್ಷೆಯ ಶುಲ್ಕ ಹೋಯಿತು, ಸಾಲದ ಕಂತು ಉಳಿಯಿತು.

ಪರವಾನಗಿಯ ವಿಷಯವನ್ನೂ ಮರೆಯಬಾರದು. 2015ರಲ್ಲಿ ಉಪಖನಿಜಗಳ ಪಟ್ಟಿಗೆ ಸೇರಿದ್ದ ಬೆರೈಟ್, ಫೆಲ್ಡ್‌ಸ್ಪಾರ್, ಅಭ್ರಕ ಹಾಗೂ ಬೆಣಚುಕಲ್ಲನ್ನು ಕೇಂದ್ರ ಸರ್ಕಾರ 2025ರ ಫೆಬ್ರವರಿಯಲ್ಲಿ ಪುನಃ ಪ್ರಧಾನ ಖನಿಜಗಳ ಸಾಲಿಗೆ ತಂದಿದೆ. ಗುತ್ತಿಗೆ ಹೊಂದಿದವರು ಭಾರತೀಯ ಗಣಿ ಬ್ಯೂರೋದ ನೋಂದಣಿ ಮತ್ತು ವಿವರಣಾ ಪತ್ರಗಳ ಕಡೆ ಗಮನಹರಿಸತಕ್ಕದ್ದು. ಹೊಲ ಸ್ವಂತದ್ದೆಂದು ಎರೆಮಣ್ಣನ್ನು ಅಗೆದು ಮಾರುವುದಕ್ಕೂ ಅನುಮತಿ, ರಾಜಧನ ತಪ್ಪಿದ್ದಲ್ಲ.

ಹಾಗಾದರೆ ನಮ್ಮಲ್ಲಿ ಏನೂ ಇಲ್ಲವೆ? ದ್ರವವು ಬಂಡೆಯ ಬಿರುಕುಗಳಲ್ಲಿ ಸೋರಿಹೋಗದಂತೆ ತಡೆಯಲು ಅಭ್ರಕದ ಚೂರುಗಳನ್ನು ಬಳಸುತ್ತಾರೆ. ಹತ್ತಿಬೀಜದ ಹೊಟ್ಟನ್ನೂ ಬಳಸುತ್ತಾರೆ! ಹತ್ತಿಯ ಪೇಟೆಯೆಂದೇ ಹೆಸರಾದ ರಾಯಚೂರಿನಲ್ಲಿ ಗಣಿಯ ಹಂಗಿಲ್ಲದೆ ದೊರೆಯುವ ಸರಕು ಇದು. ನಮ್ಮ ಕಕ್ಷಿದಾರರು ಈಗ ಎಣ್ಣೆ ಮಿಲ್ಲಿನವರೊಡನೆ ಇದರ ಮಾತುಕತೆಯಲ್ಲಿದ್ದಾರೆ. ಖರೀದಿದಾರರು ಕೇಳುವ ಕಣಗಾತ್ರ ಮತ್ತು ತೇವಾಂಶದ ಮಿತಿಯನ್ನು ಲಿಖಿತವಾಗಿ ತರಿಸಿಕೊಂಡ ನಂತರವೇ ಯೋಜನಾ ವರದಿಯ ಮಾರಾಟದ ಅಂಕಣವನ್ನು ತುಂಬುವುದಾಗಿ ಅವರಿಗೆ ತಿಳಿಸಿದ್ದೇನೆ.