ದುಡಿಮೆಗೆ ತಕ್ಕ ಉಡುಪು: ಕಿಲ್ಟಿನಿಂದ ತಿಳಿಯತಕ್ಕ ಪಾಠ

ನೇಗಿಲು ಕುಂಟೆಗಳ ವಿಷಯದಲ್ಲಿ ಭೂಮಾಲೀಕರು ವಹಿಸುವ ಎಚ್ಚರವು ಆಳುಗಳ ಉಡುಪಿನ ವಿಷಯದಲ್ಲಿ ಅಪರೂಪ. ಉಡುಪೂ ಬೇಸಾಯದ ಉಪಕರಣವೇ ಸರಿ. ಅದು ಕೆಲಸಕ್ಕೆ ಹೊಂದದಿದ್ದರೆ ದುಡಿಮೆ ಕುಂದುವುದಲ್ಲದೆ ಪ್ರಾಣಕ್ಕೂ ಅಪಾಯವುಂಟು. ಈ ಸಂಬಂಧದಲ್ಲಿ ಸ್ಕಾಟ್ಲೆಂಡಿನ ಕಿಲ್ಟ್ ಎಂಬ ಉಡುಪಿನ ಚರಿತ್ರೆಯು ವಿಚಾರಾರ್ಹವಾಗಿದೆ.

ಆ ದೇಶದ ಬೆಟ್ಟಸೀಮೆಯ ಜನರು ಹಿಂದೆ ಸುಮಾರು 4-5 ಗಜದ ಉಣ್ಣೆ ಬಟ್ಟೆಯನ್ನು ನಿರಿಗೆ ಹಿಡಿದು ಸೊಂಟಕ್ಕೆ ಬಿಗಿದು, ಮಿಕ್ಕುದನ್ನು ಹೆಗಲಿಗೆ ಹೊದೆಯುತ್ತಿದ್ದರು. ರಾತ್ರಿ ಅದೇ ಕಂಬಳಿ. ಆದರೆ ಮರ ಕಡಿಯುವುದಕ್ಕೂ ಕುಲುಮೆಯ ಕೆಲಸಕ್ಕೂ ಅದು ತೊಡಕು. 1720ರ ದಶಕದಲ್ಲಿ ಇನ್ವರ್‌ಗ್ಯಾರಿಯಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಆಂಗ್ಲೇಯನು ಮೇಲ್ಭಾಗವನ್ನು ಬೇರ್ಪಡಿಸಿ, ಮೊಣಕಾಲಿನವರೆಗಿನ ಗಿಡ್ಡ ಕಿಲ್ಟನ್ನು ಬಳಕೆಗೆ ತಂದನೆಂದು 1785ರಲ್ಲಿ ಅಚ್ಚಾದ ಪತ್ರವೊಂದು ತಿಳಿಸುತ್ತದೆ. ಅದಕ್ಕೂ ಮೊದಲೇ ಅದು ಇತ್ತೆಂದು ವಾದಿಸುವವರೂ ಉಂಟು. ಅಮೆರಿಕದ ಸಿಯಾಟಲ್ ಪಟ್ಟಣದಲ್ಲಿ 2000ದಲ್ಲಿ ಆರಂಭವಾದ ಸಂಸ್ಥೆಯೊಂದು ದಪ್ಪ ಹತ್ತಿಬಟ್ಟೆಯಿಂದ, ದೊಡ್ಡ ಜೇಬುಗಳುಳ್ಳ ಕಿಲ್ಟನ್ನು ಕೆಲಸದ ಉಡುಪಾಗಿಯೇ ಹೊಲಿಯಿಸಿತು.

ಇದರ ಗುಣಗಳು ಸ್ಪಷ್ಟ. ಕಾಲಿಗೆ ಗಾಳಿ ಆಡುವುದು. ಕೂರಲು, ದಾಟಲು ಅಡ್ಡಿಯಿಲ್ಲ. ತೊಡೆಯ ನಡುವೆ ಹೊಲಿಗೆಯಿಲ್ಲದ ಕಾರಣ ಅಲ್ಲಿ ಹರಿಯುವ ಭಯವಿಲ್ಲ. ನಮ್ಮ ರೈತನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುವ ಪಂಚೆಯಿಂದಲೂ ಇದೇ ಅನುಕೂಲವುಂಟು. ಆದರೆ ಎರಡರಲ್ಲಿಯೂ ಒಂದೇ ದೋಷ: ಕಾಲು ಬರಿದಾಗಿರುವುದು, ಅಂಚು ಸಡಿಲವಾಗಿರುವುದು. ಪಂಚೆಯಾದರೋ ಕಟ್ಟು ಬಿಚ್ಚಿ ಜೋಲುವುದು. ತಿರುಗುವ ಬೆಲ್ಟಿಗೆ ಬಟ್ಟೆಯ ತುದಿ ಸಿಕ್ಕಿದರೆ ಮನುಷ್ಯನು ಬಿಡಿಸಿಕೊಳ್ಳುವ ಮೊದಲೇ ಯಂತ್ರವು ಅವನನ್ನು ಎಳೆದುಕೊಳ್ಳುವುದು.

ಆದುದರಿಂದ ಈ ಕೆಳಗಿನ ಕ್ರಮಗಳನ್ನು ಅನುಸರಿಸತಕ್ಕದ್ದು:

1. ನಾಟಿ, ಕಳೆ ಕೀಳುವುದು ಮೊದಲಾದ ಕೈಕೆಲಸಗಳಿಗೆ ಎತ್ತಿ ಕಟ್ಟಿದ ಪಂಚೆಯಾಗಲಿ ಚಡ್ಡಿಯಾಗಲಿ ಸಾಕು.

2. ಒಕ್ಕಣೆ ಯಂತ್ರ, ಮೇವು ಕತ್ತರಿಸುವ ಯಂತ್ರ, ಟ್ರ್ಯಾಕ್ಟರಿನ ತಿರುಗುವ ದಂಡ, ಇವುಗಳ ಬಳಿ ಪಂಚೆ, ಲುಂಗಿ, ಹೆಗಲ ವಸ್ತ್ರಗಳನ್ನು ಬಿಟ್ಟು, ಮೈಗೆ ಹೊಂದಿಕೊಂಡ ಷರಾಯಿ, ಅರ್ಧ ತೋಳಿನ ಅಂಗಿ ಧರಿಸಬೇಕು. ಹೆಂಗಸರು ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಜಡೆಯನ್ನು ಮೇಲೆ ಕಟ್ಟಿಕೊಳ್ಳಬೇಕು.

3. ಕೀಟನಾಶಕ ಸಿಂಪಡಿಸುವವರು ಕೈಕಾಲುಗಳೆಲ್ಲ ಮುಚ್ಚುವ ಉಡುಪು, ಕೈಗವಸು, ಬೂಟು ಧರಿಸಬೇಕು. ಆ ಬಟ್ಟೆಗಳನ್ನು ಮನೆಯ ಬಟ್ಟೆಗಳೊಡನೆ ಒಗೆಯಕೂಡದು.

ಇನ್ನು ಖರ್ಚಿನ ಮಾತು. ಚಲಿಸುವ ಯಂತ್ರಕ್ಕೆ ಎಣ್ಣೆ ಹಾಕುವ ಕೆಲಸಗಾರನು ಬಿಗಿಯಾದ ಉಡುಪು ಧರಿಸಬೇಕೆಂದೂ, ಅದನ್ನು ಮಾಲೀಕನೇ ಒದಗಿಸಬೇಕೆಂದೂ 1948ರ ಕಾರ್ಖಾನೆಗಳ ಶಾಸನವು 22ನೆಯ ಪ್ರಕರಣದಲ್ಲಿ ವಿಧಿಸಿತ್ತು. ಕಣದಲ್ಲಿಯೂ ಇದೇ ನ್ಯಾಯವು ಸಲ್ಲತಕ್ಕದ್ದು. ದಿನಗೂಲಿಯವನು ಇರುವ ಒಂದೇ ಪಂಚೆಯಲ್ಲಿ ಬರುವನು. ಅವನನ್ನು ಹಾಗೆಯೇ ಯಂತ್ರದ ಮುಂದೆ ನಿಲ್ಲಿಸುವುದು ಯಜಮಾನನ ತಪ್ಪೇ ಹೊರತು ಅವನದಲ್ಲ. ಸುಗ್ಗಿಗೆ ಮುಂಚೆ ಪ್ರತಿಯೊಂದು ಯಂತ್ರಕ್ಕೂ ಎರಡು ಮೂರು ಜೊತೆ ಗಟ್ಟಿ ಉಡುಪುಗಳನ್ನು ಹೊಲಿಯಿಸಿ ಇಟ್ಟುಕೊಳ್ಳುವುದು ಉತ್ತಮ. ಗ್ರಾಮದ ಮುಖಂಡರು ಮೊದಲು ತಮ್ಮ ಕಣದಲ್ಲಿ ಈ ಪದ್ಧತಿಯನ್ನು ನಡೆಸಿ ತೋರಿಸಿದರೆ ಉಳಿದವರು ಅನುಸರಿಸುವರು.