ಎರಡನೇ ಕೈಗೂ ಹಿಡಿಕೆ ಬೇಕು



ಕುಡುಗೋಲಿನ ಕಾವು ಸಡಿಲಾದರೆ ನಾವು ಯಾರೂ ಹಾಗೇ ಹೊಲಕ್ಕೆ ಇಳಿಯುವುದಿಲ್ಲ. ಕೊಡಲಿಯ ಕಾವು ಸೀಳಿದರೆ ಬಡಿಗೇರರ ಮನೆಗೆ ಹೋಗುತ್ತೇವೆ. ಇದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಕರೆಂಟಿನ ಮಷೀನಿನ ಹಿಡಿಕೆ ಮುರಿದರೆ ಮಾತ್ರ "ನಡೀತದ ಬಿಡ್ರಿ" ಎನ್ನುತ್ತೇವೆ. ಈ "ನಡೀತದ" ಎಂಬ ಮಾತು ಎಷ್ಟು ದುಬಾರಿ ಎಂಬುದೇ ಈ ಪಾಠ.

ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಬಸವಕಲ್ಯಾಣ, ಹುಮನಾಬಾದ್ ತಾಲೂಕುಗಳನ್ನು ಹಾಯ್ದು ಹೋಗುತ್ತದೆ. ದಾರಿಯ ಪಕ್ಕದಲ್ಲಿ ಲಾರಿ ಗ್ಯಾರೇಜು, ವೆಲ್ಡಿಂಗ್ ಅಂಗಡಿಗಳಿವೆ. ಗಂಡ ಅಥವಾ ಮಗ ಇಂಥಲ್ಲಿ ದುಡಿಯುವ ಮನೆಗಳು ನಮ್ಮ ಸಂಘಗಳಲ್ಲೂ ಇವೆ. ಸಂಘದ ಸಾಲ ತೆಗೆದು ಕೈ ಗ್ರೈಂಡರ್ ಕೊಂಡವರೂ ಇರುತ್ತಾರೆ. ಇದು ಹಿಟ್ಟು ರುಬ್ಬುವ ಗ್ರೈಂಡರ್ ಅಲ್ಲ, ಕಬ್ಬಿಣ ಕೊಯ್ಯುವುದು. ಸಾಲದ ಪುಸ್ತಕದಲ್ಲಿ ನಮ್ಮ ಹೆಸರಿದ್ದ ಮೇಲೆ ಆ ಮಷೀನಿನ ಕಾಳಜಿಯೂ ನಮ್ಮದೇ.

ಪಕ್ಕದ ಹಿಡಿಕೆ ಏಕೆ ಬೇಕು?

4 ಇಂಚಿನ ಗ್ರೈಂಡರಿನ ಚಕ್ರ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಅಂದರೆ ಚಕ್ರದ ಅಂಚು ಗಂಟೆಗೆ 200 ಕಿಲೋಮೀಟರಿನ ವೇಗದಲ್ಲಿ ಓಡುತ್ತದೆ. ನಮ್ಮ ಹೆದ್ದಾರಿಯ ಯಾವ ಲಾರಿಯೂ ಅದರ ಅರ್ಧದಷ್ಟು ಓಡಲಿಕ್ಕಿಲ್ಲ. ಕೊಯ್ಯುವಾಗ ಚಕ್ರ ಕಬ್ಬಿಣದಲ್ಲಿ ಸಿಕ್ಕಿಕೊಂಡರೆ ಮಷೀನು ಒಮ್ಮೆಲೇ ಜಿಗಿಯುತ್ತದೆ. ಒಂದೇ ಕೈಯಲ್ಲಿ ಹಿಡಿದವರಿಗೆ ಅದು ನಿಲ್ಲುವುದಿಲ್ಲ. ಕೈ, ತೊಡೆ, ಮುಖಕ್ಕೆ ಬರುತ್ತದೆ. ಎರಡನೇ ಕೈಗೆ ಗಟ್ಟಿ ಜಾಗ ಕೊಡುವುದೇ ಪಕ್ಕದ ಹಿಡಿಕೆಯ ಕೆಲಸ.

ಅದು ಮುರಿದರೆ ಕೆಲವರು ಬರೀ ಬೋಲ್ಟನ್ನೇ ಹಿಡಿಯುತ್ತಾರೆ, ಕೆಲವರು ಬಟ್ಟೆ ಸುತ್ತುತ್ತಾರೆ. ಎರಡೂ ತಪ್ಪು. ಬಟ್ಟೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ. ಚಕ್ರ ಎಲ್ಲಾದರೂ ವೈರಿಗೆ ತಾಗಿದರೆ ಬೋಲ್ಟಿನ ಮೂಲಕ ಕರೆಂಟು ಕೈಗೆ ಬರುತ್ತದೆ.

ಯಾವುದು ಮನೆಯಲ್ಲಿ ಮಾಡುವಂಥದ್ದು, ಯಾವುದು ಅಲ್ಲ?

ಅದೇ ಕಂಪನಿಯ ಹಿಡಿಕೆ ಅಂಗಡಿಯಲ್ಲಿ ಸಿಕ್ಕರೆ ಮೊದಲು ಅದನ್ನೇ ತರ್ರಿ. ಹಳೇ ಮಷೀನಿಗೆ ಸಿಗದಿದ್ದಾಗ ಮಾತ್ರ ಕಟ್ಟಿಗೆಯದು ಮಾಡಿಸಬಹುದು. ಆದರೆ ಸ್ವಿಚ್ ಇರುವ ಹಿಂದಿನ ಭಾಗ ಒಡೆದಿದ್ದರೆ ಕೈ ಹಾಕಬೇಡಿರಿ. ಅದರೊಳಗೆ 230 ವೋಲ್ಟ್ ಕರೆಂಟಿದೆ. ಟೇಪು, ಅಂಟು ಹಚ್ಚಿ ನಡೆಸುವುದು ಬೇಡ. ರಿಪೇರಿಯವರ ಹತ್ತಿರ ಹೊಸ ಬಾಡಿ ಹಾಕಿಸಬೇಕು.

ಮಾಡುವ ವಿಧಾನ

1. ಪ್ಲಗ್ ತೆಗೆದು ಮುರಿದ ಹಿಡಿಕೆಯನ್ನು ಬಿಚ್ಚಿ. ಅದರ ಬೋಲ್ಟನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ದಪ್ಪದ, ಅದೇ ಥ್ರೆಡ್ಡಿನ ಉದ್ದ ಬೋಲ್ಟು ಕೇಳಿ. ಸಣ್ಣ ಮಷೀನಿಗೆ 8 ಅಥವಾ 10 ಮಿ.ಮೀ., ದೊಡ್ಡದಕ್ಕೆ 14 ಮಿ.ಮೀ. ಸಾಮಾನ್ಯ. ತಲೆಯ ಮೇಲೆ 8.8 ಎಂದು ಒತ್ತಿರುವ ಬೋಲ್ಟು ಗಟ್ಟಿ. ಕೂಡದ ಬೋಲ್ಟನ್ನು ಜೋರು ಮಾಡಿ ತಿರುಗಿಸಿದರೆ ಮಷೀನಿನ ಥ್ರೆಡ್ಡೇ ಕೆಡುತ್ತದೆ.

2. ಚೆನ್ನಾಗಿ ಒಣಗಿದ ಜಾಲಿ ಅಥವಾ ಸಾಗವಾನಿ ಕಟ್ಟಿಗೆ ಆರಿಸಿ. ಎಳೆ ನೇರವಾಗಿರಬೇಕು, ಗಂಟು, ಬಿರುಕು ಇರಬಾರದು. ಹಸಿ ಕಟ್ಟಿಗೆ ಒಣಗಿದಂತೆ ಸೀಳುತ್ತದೆ, ಕರೆಂಟನ್ನೂ ತಡೆಯುವುದಿಲ್ಲ.

3. ಉದ್ದ ಸುಮಾರು 11 ಸೆಂ.ಮೀ., ದಪ್ಪ 3ರಿಂದ 3.5 ಸೆಂ.ಮೀ. ಇರಲಿ. ಮಷೀನಿನ ಕಡೆಯ ತುದಿಯಲ್ಲಿ ಬಳೆಯಂತೆ ಎತ್ತರದ ಅಂಚು ಬಿಡಿಸಿ. ಬೆವತ ಕೈ ಚಕ್ರದ ಕಡೆ ಜಾರದಂತೆ ಅದು ತಡೆಯುತ್ತದೆ.

4. ಸರಿಯಾಗಿ ನಡುವೆ ತೂತು ಕೊರೆಸಿ. ಹಿಂದಿನ ತುದಿಯಲ್ಲಿ ಬೋಲ್ಟಿನ ತಲೆ ಪೂರ್ತಿ ಮುಳುಗುವಷ್ಟು ಅಗಲ ಮಾಡಿಸಿ. ಬೋಲ್ಟನ್ನು ಹಿಂದಿನಿಂದ ಹಾಕಿ, ಎರಡೂ ಕಡೆ ವಾಷರ್ ಇಟ್ಟು, ಮುಂದೆ ನಟ್ಟು ಬಿಗಿಯಿರಿ. ನಟ್ಟಿನಿಂದ ಹೊರಗೆ ಉಳಿಯುವ ಬೋಲ್ಟು ಮೊದಲಿದ್ದಷ್ಟೇ ಉದ್ದ ಇರಬೇಕು, ಹೆಚ್ಚಲ್ಲ.

5. ಬೋಲ್ಟಿನ ತಲೆಯ ಮೇಲಿನ ಕುಳಿಯನ್ನು ಎಂ-ಸೀಲ್ ತುಂಬಿ ಮುಚ್ಚಿ. ಕೈ ಇಡುವ ಕಡೆ ಎಲ್ಲಿಯೂ ಕಬ್ಬಿಣ ಕಾಣಬಾರದು.

6. ಸ್ಯಾಂಡ್ ಪೇಪರಿನಿಂದ ತಿಕ್ಕಿ, ಒಂದು ಸಲ ಅಗಸಿ ಎಣ್ಣೆ ಹಚ್ಚಿ ಒಣಗಿಸಿ. ಮಿಂಚುವ ಪಾಲಿಶ್ ಬೇಡ, ಕೈ ಜಾರುತ್ತದೆ.

7. ಪ್ಲಗ್ ಹಾಕುವ ಮೊದಲೇ ಹಿಡಿಕೆ ಕೂಡಿಸಿ ಜಗ್ಗಿ, ತಿರುವಿ ನೋಡ್ರಿ. ನಂತರ ಚಕ್ರದ ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಒಂದು ನಿಮಿಷ ಬರಿದೇ ಓಡಿಸಿ. ನಿಲ್ಲಿಸಿ, ಪ್ಲಗ್ ತೆಗೆದು, ಸಡಿಲಾಗಿದೆಯೇ ಮತ್ತೆ ಪರೀಕ್ಷಿಸಿ. ವಾರಕ್ಕೊಮ್ಮೆ ಇದೇ ಪರೀಕ್ಷೆ ಇರಲಿ. ಬಿರುಕು ಕಂಡ ದಿನವೇ ಹಿಡಿಕೆ ಬದಲಿಸಬೇಕು.

ಹಿಡಿಕೆಯ ಜೊತೆ ಚಕ್ರದ ಮೇಲಿನ ತಗಡಿನ ಮುಚ್ಚಳ, ಕಣ್ಣಿಗೆ ಕನ್ನಡಕ ಇರಲೇಬೇಕು. ಮುಚ್ಚಳ ಬಿಚ್ಚಿ ದೊಡ್ಡ ಚಕ್ರ ಹಾಕುವ ರೂಢಿ ಬಹಳ ಅಪಾಯ. ಆ ವೇಗ ತಾಳದೆ ಚಕ್ರವೇ ಒಡೆದು ಸಿಡಿಯಬಹುದು.

ಹೇಳುವ ಧೈರ್ಯ

"ಗಂಡಸರ ಕೆಲಸದಾಗ ನಾವೇನು ಹೇಳೋದು?" ಎಂದು ಕೆಲವರು ಕೇಳಬಹುದು. ನಮ್ಮ ಕಲ್ಯಾಣದ ನೆಲದಲ್ಲೇ ಇದಕ್ಕೆ ಉತ್ತರವಿದೆ. 12ನೇ ಶತಮಾನದಲ್ಲಿ ಇಲ್ಲಿ ಬಾಳಿದ ಆಯ್ದಕ್ಕಿ ಲಕ್ಕಮ್ಮನವರು, ಗಂಡ ಮಾರಯ್ಯನವರು ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಹೇಳಿದರಂತೆ. ಕಾಯಕ ತಪ್ಪಿದಾಗ ಮನೆಯಾಕೆ ಎಚ್ಚರಿಸಿದಳು, ಗಂಡ ಕೇಳಿದರು. ಬಡಗಿಯಾಗಿ ದುಡಿದು ಮನೆ ನಡೆಸಿದ ಸಂತ ಜೋಸೆಫರನ್ನು 1955ರಿಂದ ಧರ್ಮಸಭೆ ಮೇ 1ರಂದು ಕಾರ್ಮಿಕರ ಪಾಲಕರೆಂದು ಸ್ಮರಿಸುತ್ತದೆ. ಕೆಲಸ ದೇವರಿಗೆ ಮೆಚ್ಚುಗೆ ಎಂದರೆ ಕೆಲಸ ಮಾಡುವ ಕೈಯೂ ಅಷ್ಟೇ ಬೆಲೆಯುಳ್ಳದ್ದು. ದುಡಿಯುವ ಕೈಗೆ ಪೆಟ್ಟಾದರೆ ದವಾಖಾನೆಯ ಖರ್ಚು, ನಿಂತ ಕೂಲಿ, ತಪ್ಪಿದ ಕಂತು ಎಲ್ಲವೂ ಒಟ್ಟಿಗೆ ಬರುತ್ತವೆ. ಒಂದು ಬೋಲ್ಟು, ಒಂದು ತುಂಡು ಕಟ್ಟಿಗೆಯಿಂದ ಅದನ್ನು ತಪ್ಪಿಸಬಹುದು.

ಸಭೆಯಲ್ಲಿ ಚರ್ಚಿಸಿರಿ

• ನಮ್ಮ ಸಂಘದ ಯಾರ ಮನೆಯಲ್ಲಿ ಕರೆಂಟಿನ ಕೈ ಮಷೀನುಗಳಿವೆ? ಅವುಗಳ ಹಿಡಿಕೆ, ಮುಚ್ಚಳ, ವೈರು ಹೇಗಿವೆ?
• ಮಷೀನಿಗಾಗಿ ಸಾಲ ಕೊಡುವಾಗ ಕನ್ನಡಕ ಮತ್ತು ರಿಪೇರಿಯ ಖರ್ಚನ್ನೂ ಸೇರಿಸಬಹುದೇ?
• ಹಿಡಿಕೆ ಮಾಡಿಕೊಡಬಲ್ಲ ಬಡಿಗೇರರು ನಮ್ಮ ಊರಲ್ಲಿ ಯಾರಿದ್ದಾರೆ?

ಚರ್ಚೆಯ ನಂತರ ತೆಗೆದುಕೊಂಡ ತೀರ್ಮಾನವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಮುಂದಿನ ಸಭೆಯಲ್ಲಿ ಯಾವ ಮನೆಯ ಮಷೀನು ಸರಿಯಾಯಿತು ಎಂಬುದನ್ನು ಓದಿ ಹೇಳಿರಿ.