ಹೊಟ್ಟೆಯ ಮೇಲೊಂದು ಹೊಸ ಬಾಯಿ

ಹಳೆಯ ಸೈಕಲ್ಲಿನ ಟೈರು ಒಂದೆಡೆ ಸವೆದು ಸೀಳಿದಾಗ ಒಳಗಿನ ಟ್ಯೂಬು ಆ ಸೀಳಿನಿಂದ ಗುಳ್ಳೆಯಂತೆ ಹೊರಕ್ಕೆ ಉಬ್ಬುವುದನ್ನು ಓದುಗರಲ್ಲಿ ಅನೇಕರು ಕಂಡಿರಬಹುದು. ದೋಷವಿರುವುದು ಟ್ಯೂಬಿನಲ್ಲಲ್ಲ, ಅದನ್ನು ಹಿಡಿದಿಡಬೇಕಾದ ಗೋಡೆಯಲ್ಲಿ. ನಮ್ಮ ಉದರದ ವ್ಯವಸ್ಥೆಯೂ ಹೆಚ್ಚುಕಡಿಮೆ ಇಂತಹುದೇ. ಒಳಗೆ ಮೆತ್ತನೆಯ ಕರುಳು. ಅದರ ಸುತ್ತಲೂ ಸ್ನಾಯುಗಳಿಂದಲೂ ಗಟ್ಟಿಯಾದ ತಂತುಪೊರೆಗಳಿಂದಲೂ ಆದ ಉದರಭಿತ್ತಿ. ಈ ಭಿತ್ತಿಯಲ್ಲಿ ಬಲವಿಲ್ಲದ ಕಡೆ ಕರುಳಾಗಲಿ, ಅದರ ಮೇಲಿನ ಕೊಬ್ಬಿನ ಪೊರೆಯಾಗಲಿ ಹೊರಕ್ಕೆ ನುಗ್ಗಿದರೆ ಅದೇ ಹರ್ನಿಯಾ. ತೊಡೆಸಂದಿನಲ್ಲಿ ಕರುಳು ಇಳಿಯುವುದು ಇದರ ಸುಪರಿಚಿತವಾದ ಒಂದು ಬಗೆ. ನಾವು ಇಲ್ಲಿ ನೋಡಲಿರುವ ಬಗೆ ಬೇರೆ. ಇದರಲ್ಲಿ ಗೋಡೆಗೆ ರಂಧ್ರವನ್ನು ಮಾಡುವವರು ಶಸ್ತ್ರವೈದ್ಯರೇ. ಅದೂ ರೋಗಿಯ ಪ್ರಾಣವನ್ನುಳಿಸುವ ಸಲುವಾಗಿ.

ಗುದಭಾಗದ ಕ್ಯಾನ್ಸರು, ಕರುಳಿನ ತೀವ್ರವಾದ ಉರಿಯೂತ, ಅಪಘಾತದ ಗಾಯ ಮುಂತಾದ ಸಂದರ್ಭಗಳಲ್ಲಿ ಮಲವು ತನ್ನ ಸಹಜಮಾರ್ಗದಿಂದ ಹೊರಬೀಳುವುದು ಅಸಾಧ್ಯವಾಗಬಹುದು, ಇಲ್ಲವೆ ಅಪಾಯಕರವಾಗಬಹುದು. ಆಗ ವೈದ್ಯರು ಹೊಟ್ಟೆಯ ಮುಂಭಾಗದಲ್ಲಿ ಒಂದು ದ್ವಾರವನ್ನು ಮಾಡಿ, ಕರುಳಿನ ತುದಿಯನ್ನು ಅದರ ಮೂಲಕ ಹೊರತಂದು ಚರ್ಮಕ್ಕೆ ಹೊಲಿಯುತ್ತಾರೆ. ಈ ದ್ವಾರಕ್ಕೆ ಸ್ಟೋಮಾ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಆ ಶಬ್ದಕ್ಕೆ ಬಾಯಿ ಎಂದರ್ಥ. ದೊಡ್ಡ ಕರುಳಿನಿಂದ ಮಾಡಿದುದು ಕೊಲಾಸ್ಟಮಿ. ಸಣ್ಣ ಕರುಳಿನ ಕೊನೆಯಿಂದ ಮಾಡಿದುದು ಇಲಿಯಾಸ್ಟಮಿ. ಕೆಲವರಿಗೆ ಇದು ಕೆಲವು ತಿಂಗಳ ಮಾತು, ಮತ್ತೆ ಕೆಲವರಿಗೆ ಜೀವನಪರ್ಯಂತದ್ದು. ನೋಡಲು ಅದು ನಮ್ಮ ಕೆನ್ನೆಯ ಒಳಭಾಗದಂತೆ ಕೆಂಪಗೆ, ತೇವವಾಗಿರುತ್ತದೆ. ಮುಟ್ಟಿದರೆ ನೋಯುವುದಿಲ್ಲ. ಆದರೆ ಅದನ್ನು ಇಚ್ಛೆಯಂತೆ ಬಿಗಿಹಿಡಿಯುವ ಸ್ನಾಯು ಅಲ್ಲಿಲ್ಲದ ಕಾರಣ, ಹೊರಬರುವುದನ್ನು ಸಂಗ್ರಹಿಸಲು ಚರ್ಮಕ್ಕೆ ಅಂಟಿಸಿದ ಚೀಲವೊಂದು ಸದಾ ಬೇಕಾಗುತ್ತದೆ.

ಈ ಉಪಾಯ ಹೊಸದೇನಲ್ಲ. ಮಲದ್ವಾರವಿಲ್ಲದೆ ಹುಟ್ಟಿದ ಶಿಶುವೊಂದಕ್ಕೆ 1793ರಲ್ಲಿ ಫ್ರಾನ್ಸಿನ ಬ್ರೆಸ್ಟ್ ನಗರದ ಡ್ಯೂರೆ ಎಂಬ ವೈದ್ಯನು ಕೊಲಾಸ್ಟಮಿಯನ್ನು ಮಾಡಿದನು. ಅರಿವಳಿಕೆಯೂ ಕ್ರಿಮಿನಾಶಕಗಳೂ ಇಲ್ಲದಿದ್ದ ಆ ಕಾಲದಲ್ಲಿ ಶಸ್ತ್ರಕ್ಕೆ ಒಳಗಾದ ಆ ಶಿಶು 45 ವರ್ಷ ಬದುಕಿತೆಂಬುದು ನಿಜಕ್ಕೂ ಬೆರಗಿನ ಸಂಗತಿ. ಇಲಿಯಾಸ್ಟಮಿಯ ಸಮಸ್ಯೆ ಇನ್ನೂ ಕಠಿನವಾಗಿತ್ತು. ಸಣ್ಣ ಕರುಳಿನ ರಸವು ಆಹಾರವನ್ನು ಜೀರ್ಣಿಸುವಂತೆಯೇ ಚರ್ಮವನ್ನೂ ಸುಡುತ್ತದೆ. 1952ರಲ್ಲಿ ಇಂಗ್ಲೆಂಡಿನ ಬ್ರಯನ್ ಬ್ರೂಕ್ ಎಂಬವರು, ಅಂಗಿಯ ತೋಳಿನ ಅಂಚನ್ನು ಮಡಿಚುವ ಹಾಗೆ ಕರುಳಿನ ತುದಿಯನ್ನು ಹೊರಕ್ಕೆ ಮಗುಚಿ ಹೊಲಿಯುವ ಕ್ರಮವನ್ನು ಪ್ರಕಟಿಸಿದರು. ಚಿಕ್ಕ ನಳಿಕೆಯಂತೆ ಚಾಚಿಕೊಂಡ ಆ ತುದಿಯಿಂದ ರಸವು ಚರ್ಮವನ್ನು ತಾಕದೆ ನೇರವಾಗಿ ಚೀಲಕ್ಕೆ ಬೀಳುತ್ತದೆ. ಎರಡು ವರ್ಷಗಳ ತರುವಾಯ ಡೆನ್ಮಾರ್ಕಿನ ಎಲಿಸೆ ಸೋರೆನ್ಸನ್ ಎಂಬ ದಾದಿ, ಸ್ಟೋಮಾ ಸೋರೀತೆಂಬ ಅಂಜಿಕೆಯಿಂದ ಮನೆ ಬಿಟ್ಟು ಹೊರಡದಿದ್ದ ತನ್ನ ತಂಗಿಗಾಗಿ ಅಂಟುಳ್ಳ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದಳು. ಆ ದಶಕದಲ್ಲಿಯೇ ಅಮೆರಿಕದ ವೈದ್ಯರು ಚರ್ಮದ ರಕ್ಷಣೆಗೆ ಬಳಸತೊಡಗಿದ ಕರಾಯ ಗೋಂದು ನಮ್ಮ ದೇಶದ ಒಣಕಾಡುಗಳ ಮರವೊಂದರಿಂದ ಒಸರುವ ವಸ್ತುವೆಂಬುದು ಇಲ್ಲಿ ನೆನೆಯಬೇಕಾದ ಮಾತು.

ಸೋರಿಕೆಯ ಸಮಸ್ಯೆ ಹೀಗೆ ಬಹುಮಟ್ಟಿಗೆ ಪರಿಹಾರವಾಯಿತು. ಗೋಡೆಯ ಸಮಸ್ಯೆ ಮಾತ್ರ ಉಳಿಯಿತು. ಬೇರೆ ಶಸ್ತ್ರಚಿಕಿತ್ಸೆಗಳಲ್ಲಿ ಕೊಯ್ದ ಭಿತ್ತಿಯನ್ನು ಪದರಪದರವಾಗಿ ಹೊಲಿದು ಮುಚ್ಚಬಹುದು. ಇಲ್ಲಿ ಮುಚ್ಚುವಂತಿಲ್ಲ, ರಂಧ್ರವು ತೆರೆದಿದ್ದರೇ ಅದಕ್ಕೆ ಸಾರ್ಥಕ್ಯ. ಅದರ ಅಂಚುಗಳನ್ನು ಉದರದ ಸ್ನಾಯುಗಳು ಹಗಲಿರುಳು ಹೊರಮುಖವಾಗಿ ಸೆಳೆಯುತ್ತಿರುತ್ತವೆ.

ಇದರ ಪರಿಣಾಮವನ್ನು ಭೌತಶಾಸ್ತ್ರದ ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಸುಮ್ಮನೆ ಮಲಗಿರುವಾಗ ಉದರದೊಳಗಿನ ಒತ್ತಡವು ಪಾದರಸದ 10 ಮಿಲಿಮೀಟರಿಗೂ ಕಡಿಮೆ. ಗಟ್ಟಿಯಾಗಿ ಕೆಮ್ಮಿದಾಗ ಅದು ಕ್ಷಣಕಾಲ 100ನ್ನು ಮೀರಬಲ್ಲದು. 100 ಮಿಲಿಮೀಟರ್ ಒತ್ತಡವೆಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 136 ಗ್ರಾಂ ಭಾರ. ರಂಧ್ರದ ವ್ಯಾಸ 3 ಸೆಂಟಿಮೀಟರ್ ಎಂದುಕೊಳ್ಳೋಣ. ಅದರ ವಿಸ್ತೀರ್ಣ ಸುಮಾರು 7 ಚದರ ಸೆಂಟಿಮೀಟರ್. ಅದರ ಮೇಲೆ ಬೀಳುವ ನೂಕು ಸುಮಾರು 1 ಕಿಲೋಗ್ರಾಂ. ಅದೇ ರಂಧ್ರ ಹಿಗ್ಗಿ 6 ಸೆಂಟಿಮೀಟರ್ ಆಯಿತೆನ್ನಿ. ವ್ಯಾಸ ಇಮ್ಮಡಿಯಾದರೂ ನೂಕು ನಾಲ್ಮಡಿಯಾಗುತ್ತದೆ! ಹಿಗ್ಗಿದಷ್ಟೂ ನೂಕು ಹೆಚ್ಚು, ನೂಕು ಹೆಚ್ಚಿದಷ್ಟೂ ಹಿಗ್ಗುವುದು ಸುಲಭ. ಈ ಹರ್ನಿಯಾ ಒಮ್ಮೆ ತಲೆಯೆತ್ತಿದರೆ ತಾನಾಗಿ ಕುಗ್ಗದೆ ಬೆಳೆಯುತ್ತ ಹೋಗುವ ಗುಟ್ಟು ಇದರಲ್ಲಿದೆ. ಯೂರೋಪಿನ ಹರ್ನಿಯಾ ತಜ್ಞರ ಸಂಘವು 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಶಾಶ್ವತ ಕೊಲಾಸ್ಟಮಿಯುಳ್ಳವರಲ್ಲಿ ನೂರಕ್ಕೆ 30ಕ್ಕೂ ಹೆಚ್ಚು ಮಂದಿಗೆ ಮೊದಲ ವರ್ಷದೊಳಗೆ, 40 ಮಂದಿಗೆ ಎರಡು ವರ್ಷಗಳೊಳಗೆ, ಇನ್ನೂ ದೀರ್ಘಕಾಲದಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಮಂದಿಗೆ ಹೀಗಾಗುತ್ತದೆ. ಇಷ್ಟು ಸಾಮಾನ್ಯವಾದುದನ್ನು ರೋಗಿಯ ಅಜಾಗರೂಕತೆಯ ಫಲವೆಂದು ದೂರುವುದು ಅನ್ಯಾಯ.

ಹಾಗೆಂದು ಕೈಕಟ್ಟಿ ಕೂರಬೇಕೆಂದೂ ಅಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ಆರೆಂಟು ವಾರ ಭಿತ್ತಿಯ ಗಾಯ ಇನ್ನೂ ಎಳೆಯದು. ತುಂಬಿದ ಕೊಡವನ್ನು ಎತ್ತುವುದು, ಅಕ್ಕಿಯ ಮೂಟೆಯನ್ನು ಸರಿಸುವುದು ಆಗ ಸಲ್ಲದು. ಕೆಮ್ಮು ಬಂದಾಗ, ಸೀನುವಾಗ ಅಂಗೈಯಿಂದ ಸ್ಟೋಮಾದ ಭಾಗವನ್ನು ಮೆಲ್ಲನೆ ಒತ್ತಿ ಹಿಡಿಯುವುದು ಒಳ್ಳೆಯದು. ಧೂಮಪಾನವು ಕೆಮ್ಮನ್ನು ಹೆಚ್ಚಿಸುವುದಲ್ಲದೆ ಗಾಯ ಮಾಯುವುದನ್ನೂ ತಡೆಯುತ್ತದೆ. ಬೊಜ್ಜು ಭಿತ್ತಿಯ ಮೇಲಿನ ಭಾರವನ್ನು ಏರಿಸುತ್ತದೆ. ಗಾಯ ಮಾಯ್ದ ಬಳಿಕ ನಡಿಗೆಯೂ ವೈದ್ಯರು ಹೇಳಿಕೊಟ್ಟ ಹಗುರವಾದ ವ್ಯಾಯಾಮವೂ ಹಿತಕರ. ಭಯದಿಂದ ಹಾಸಿಗೆ ಹಿಡಿದವರ ಸ್ನಾಯು ಇನ್ನಷ್ಟು ಸೊರಗುವುದೇ ಹೊರತು ಬಲಿಯುವುದಿಲ್ಲ. ಅಮೆರಿಕದ ಫುಟ್‌ಬಾಲ್ ಆಟಗಾರ ರಾಲ್ಫ್ ಬೆನಿರ್ಷ್ಕೆ 1979ರಲ್ಲಿ ಇಲಿಯಾಸ್ಟಮಿಗೆ ಒಳಗಾಗಿ, ಮರುವರ್ಷವೇ ಮೈದಾನಕ್ಕೆ ಮರಳಿ ಹಲವು ವರ್ಷ ಆಡಿದರು.

ಸ್ನಾನಕ್ಕೆ ಅಡ್ಡಿಯಿಲ್ಲ. ಕೊಲಾಸ್ಟಮಿಯವರ ಊಟವೂ ಬಹುಪಾಲು ಹಿಂದಿನಂತೆಯೇ. ಇಲಿಯಾಸ್ಟಮಿಯವರು ಮಾತ್ರ ಎಚ್ಚರವಾಗಿರಬೇಕು. ನೀರನ್ನು ಹೀರುವ ದೊಡ್ಡ ಕರುಳನ್ನು ಆಹಾರವು ಮುಟ್ಟುವುದೇ ಇಲ್ಲವಾದ್ದರಿಂದ ನೀರಿನೊಡನೆ ಉಪ್ಪೂ ದೇಹದಿಂದ ಹೋಗುತ್ತದೆ. ಬರಿಯ ನೀರು ಆ ನಷ್ಟವನ್ನು ತುಂಬಲಾರದು. ತೆಂಗಿನಕಾಯಿ, ಕಡಲೆಕಾಯಿಗಳಂಥವನ್ನು ಚೆನ್ನಾಗಿ ಅಗಿಯದೆ ನುಂಗಿದರೆ ದ್ವಾರವು ಕಟ್ಟಿಕೊಳ್ಳುವುದುಂಟು.

ಸ್ಟೋಮಾದ ಪಕ್ಕದಲ್ಲಿ ಉಬ್ಬು ಕಂಡಾಗ ಸಂಕೋಚದಿಂದ ಅದನ್ನು ಸೀರೆಯ ಸೆರಗಿನಡಿ, ಅಂಗಿಯಡಿ ಮರೆಮಾಡುವವರಿದ್ದಾರೆ. ಇದು ತರವಲ್ಲ. ಉಬ್ಬು ಸಣ್ಣದಾಗಿದ್ದು ನೋವಿಲ್ಲದಿದ್ದರೆ ಅಳತೆಗೆ ತಕ್ಕ ನಡುಪಟ್ಟಿಯೂ ಉಬ್ಬಿನ ಮೇಲೆ ಸರಿಯಾಗಿ ಕೂರುವ ಚೀಲವೂ ಸಾಕಾಗಬಹುದು. ಆದರೆ ಹಠಾತ್ತಾಗಿ ತೀವ್ರವಾದ ನೋವು, ವಾಂತಿ, ಚೀಲಕ್ಕೆ ಏನೂ ಬಾರದಿರುವುದು, ಕೆಂಪಗಿದ್ದ ಸ್ಟೋಮಾ ಕಪ್ಪಿಡುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕರುಳು ಸಿಕ್ಕಿಕೊಂಡು ಅದರ ರಕ್ತಸಂಚಾರ ನಿಂತಿರಬಹುದು. ಆಗ ಗಂಟೆಗಳೇ ಅಮೂಲ್ಯ.

ಶಸ್ತ್ರವೈದ್ಯರೂ ಗೋಡೆಯ ಈ ಸಮಸ್ಯೆಯೊಡನೆ ಬಹುಕಾಲದಿಂದ ಸೆಣಸುತ್ತಿದ್ದಾರೆ. ಇಂಗ್ಲೆಂಡಿನ ಗೊಲಿಗರ್ 1958ರಲ್ಲಿ, ಕರುಳನ್ನು ನೇರವಾಗಿ ಹೊರತರದೆ ಉದರದ ಒಳಪೊರೆಗೂ ಸ್ನಾಯುವಿಗೂ ನಡುವೆ ಓರೆಯಾಗಿ ಸಾಗಿಸುವ ಕ್ರಮವನ್ನು ವಿವರಿಸಿದರು. ಮೊದಲ ಶಸ್ತ್ರಚಿಕಿತ್ಸೆಯಲ್ಲಿಯೇ ರಂಧ್ರದ ಸುತ್ತ ಕೃತಕ ಜಾಲರಿಯನ್ನು ಇಡಬೇಕೇ ಎಂಬ ಬಗ್ಗೆ ಪ್ರಯೋಗಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ. ಆದರೆ ಹರ್ನಿಯಾ ಆದ ಮೇಲೆ ಬರಿಯ ಹೊಲಿಗೆಯಿಂದ ಬಿಗಿದರೆ ಅದು ಮರುಕಳಿಸುವುದೇ ಹೆಚ್ಚೆಂಬುದರಲ್ಲಿ ಸಂಶಯವಿಲ್ಲ. ಅಮೆರಿಕದ ಶುಗರ್‌ಬೇಕರ್ 1985ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಜಾಲರಿಯು ರಂಧ್ರವನ್ನು ಒಳಗಿನಿಂದ ಹೊದಿಸುತ್ತದೆ. ಕರುಳು ಜಾಲರಿಗೂ ಭಿತ್ತಿಗೂ ನಡುವೆ ಪಕ್ಕಕ್ಕೆ ಹಾದು ಹೊರಬರುತ್ತದೆ. ಈಗ ರೋಗಿ ಕೆಮ್ಮಿದಾಗ ಒಳಗಿನ ಒತ್ತಡವು ಜಾಲರಿಯನ್ನು ಭಿತ್ತಿಯ ಮೇಲಕ್ಕೆ ಅದುಮುತ್ತದೆ, ಮತ್ತು ಮೊದಲು ಕರುಳನ್ನು ಹೊರಕ್ಕೆ ನೂಕುತ್ತಿದ್ದ ಆ ಬಲವೇ ಸಂದನ್ನು ಕವಾಟದಂತೆ ಮುಚ್ಚಿ ಹಿಡಿಯುತ್ತದೆ.